ಕಾಲು ಹಿಡಿದುಕೊಂಡವನು ನಾನೇ

ಬಲ್ಲಾಳ್ ಸರ್ಕಲ್ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದೆ. ಮುಂದೆ ನಿಂತಿದ್ದ ಮಗಳು ಹಿಂದಕ್ಕೆ ತಿರುಗದೆ ಕೇಳಿದಳು: "ಅಪ್ಪ, ಅವತ್ತು ಆಸ್ಪತ್ರೇಲಿ ನನ್ ಕಾಲು ಹಿಡ್ಕೊಂಡಿದ್ದು ಯಾರು?" ಗದ್ದ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು. ಗಾಯ ಒಣಗಿ, ಬಿಳೀ ದಾರದಂಥ ಗೆರೆ ಉಳಿದಿತ್ತು. ಅದನ್ನು ಅವಳು ಮರೆತಿದ್ದಾಳೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ನಾನು ಥಟ್ಟನೆ, "ಆಸ್ಪತ್ರೆಯೋರು ಕಣೇ, ಅಲ್ಲಿದ್ದ ಅಂಕಲ್" ಅಂದೆ. ಸಿಗ್ನಲ್ ಬಿಟ್ಟಿತು. ಸ್ವಲ್ಪ ದೂರ ಹೋದ ಮೇಲೆ ಅವಳೇ ಅಂದಳು: "ಅಲ್ಲ. ನಿನ್ ವಾಚು ಒತ್ತುತಿತ್ತು."

ಜಗಳದ ಧಾಟಿಯೇನೂ ಇರಲಿಲ್ಲ, ಸುಮ್ಮನೆ ತಪ್ಪು ತಿದ್ದಿದಳು. ಆಮೇಲೆ ಎಂದಿನಂತೆ ಎಡಗಡೆ ಬೇಕರಿ ಬಂದಾಗ ಬೆಣ್ಣೆ ಬಿಸ್ಕತ್ತು ಕೇಳಿದಳು, ಕೊಡಿಸಿದೆ. ಆದರೆ ಆ ವಾಚಿನ ಮಾತು ನನ್ನನ್ನು ಬಿಡಲಿಲ್ಲ. ನೋವಿನ ಬಗ್ಗೆ ಅವಳು ಕೇಳಲೇ ಇಲ್ಲ, ನೋಡಿ. ಎಷ್ಟು ಹೊಲಿಗೆ ಅಂತಲೂ ಕೇಳಲಿಲ್ಲ. ನಾಲ್ಕು ತಿಂಗಳು ಅವಳು ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದು, ಹಿಡಿದುಕೊಂಡವರು ಯಾರು ಅನ್ನುವ ಒಂದೇ ಪ್ರಶ್ನೆ.

ಹಸಿರು ಬಟ್ಟೆ

ಭಾನುವಾರ ಸಂಜೆ ಪಾರ್ಕಿನಲ್ಲಿ ಉಯ್ಯಾಲೆಯಿಂದ ಬಿದ್ದಿದ್ದು. ಆಸ್ಪತ್ರೆಯ ಹೆಸರು ಬೇಡ. ಊರಿನ ಯಾವ ಆಸ್ಪತ್ರೆಯಾಗಿದ್ದರೂ ಹೆಚ್ಚುಕಡಿಮೆ ಹೀಗೇ ಆಗುತ್ತಿತ್ತು ಅಂತ ನನ್ನ ನಂಬಿಕೆ. ಕ್ಯಾಶುವಾಲ್ಟಿಯಲ್ಲಿ ಒಬ್ಬರೇ ಡ್ಯೂಟಿ ಡಾಕ್ಟರ್, ಇನ್ನೂ ಮೀಸೆ ಮೂಡುತ್ತಿರುವ ಹುಡುಗ. ಪಕ್ಕದ ಮಂಚದಲ್ಲಿ ಬೈಕಿನಿಂದ ಬಿದ್ದವರು, ಅದರಾಚೆ ಎದೆ ಹಿಡಿದುಕೊಂಡು ಕೂತ ಅಜ್ಜ. ಮಗಳು ಬರುವಾಗ ಅಳು ನಿಲ್ಲಿಸಿದ್ದಳು. ನನ್ನ ಕರ್ಚೀಫನ್ನು ಗದ್ದಕ್ಕೆ ತಾನೇ ಒತ್ತಿ ಹಿಡಿದುಕೊಂಡು, ಗೋಡೆಯ ಮೇಲಿದ್ದ ಪೋಸ್ಟರಿನ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದಳು. ಹೊಲಿಗೆ ಬೇಕು ಅಂದರು. "ಅಮ್ಮ ಹೊರಗಿರ್ಲಿ, ನೋಡಿದ್ರೆ ಅತ್ಬಿಡ್ತಾರೆ" ಅಂತ ಸಿಸ್ಟರ್ ನನ್ನ ಹೆಂಡತಿಯನ್ನು ಆಚೆ ಕಳಿಸಿದರು. ಅವಳೂ ಹೋದಳು. ಯಾಕೆ ಹೋದೆ ಅಂತ ಅವಳು ಇವತ್ತಿಗೂ ತನ್ನನ್ನೇ ಕೇಳಿಕೊಳ್ಳುತ್ತಾಳೆ.

ಆಮೇಲೆ ಮಗುವನ್ನು ಬೆಡ್‌ಶೀಟಿನಲ್ಲಿ ಸುತ್ತಿದರು. ಕೈಗಳೆರಡೂ ಒಳಗೆ, ಚಾಪೆ ಸುರುಳಿ ಸುತ್ತಿದ ಹಾಗೆ. ವಾರ್ಡ್ ಬಾಯ್ ತಲೆ ಹಿಡಿದ, ಸಿಸ್ಟರ್ ಭುಜ ಹಿಡಿದರು, "ಸರ್, ನೀವು ಕಾಲು ಗಟ್ಟಿಯಾಗಿ ಹಿಡ್ಕೊಳಿ" ಅಂದರು. ಹಿಡಿದುಕೊಂಡೆ. ಮುಖದ ಮೇಲೆ ನಡುವೆ ತೂತಿರುವ ಹಸಿರು ಬಟ್ಟೆ ಬಂತು. ತೂತಿನಲ್ಲಿ ಗದ್ದವೊಂದೇ ಕಾಣುತ್ತಿತ್ತು. ಅಲ್ಲಿಯವರೆಗೆ ಅಕ್ಷರ ಓದುತ್ತಿದ್ದ ಮಗುವಿಗೆ ಲೋಕವೇ ಕತ್ತಲಾಗಿದ್ದು ಆಗ. ಕಿರುಚಾಟ ಶುರುವಾಗಿದ್ದು ಸೂಜಿ ತಾಗುವ ಮೊದಲೇ, ಬಟ್ಟೆ ಬಿದ್ದ ಗಳಿಗೆಗೆ. ಮರಗಟ್ಟಿಸುವ ಮದ್ದನ್ನು ಗಾಯದ ಅಂಚಿಗೇ ಚುಚ್ಚಿದರು. ಆ ಮದ್ದು ಕೊಂಚ ಆಮ್ಲೀಯ, ಒಳಗೆ ಹೋಗುವಾಗ ಉರಿಯುತ್ತೆ. ಸಣ್ಣ ಸೂಜಿಯಲ್ಲಿ ನಿಧಾನವಾಗಿ ಬಿಟ್ಟರೆ ಉರಿ ಕಡಿಮೆ ಅನ್ನುವುದೆಲ್ಲ ನಾನು ಆಮೇಲೆ ತಿಳಿದುಕೊಂಡಿದ್ದು. ಮದ್ದು ಹಿಡಿಯಲು ಒಂದೆರಡು ನಿಮಿಷ ಕಾಯಬೇಕು. ಆ ಎರಡು ನಿಮಿಷ ಅವತ್ತು ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. "ಅಪ್ಪಾ ಬಿಡ್ಸು, ಅಪ್ಪಾ ಬಿಡ್ಸು" ಅಂತ ಬಟ್ಟೆಯ ಕೆಳಗಿನಿಂದ ಕೂಗುತ್ತಿದ್ದಳು. ಅವಳ ಕಾಲನ್ನು ಮಂಚಕ್ಕೆ ಒತ್ತಿಕೊಂಡೇ ನಾನು, "ಏನಿಲ್ಲ ಕಂದ, ಏನೂ ಆಗಲ್ಲ, ಆಗೋಯ್ತು, ಏನಿಲ್ಲ" ಅನ್ನುತ್ತಲೇ ಇದ್ದೆ. ನಾಲ್ಕು ಹೊಲಿಗೆ. ಹತ್ತು ನಿಮಿಷವೂ ಹಿಡಿದಿರಲಿಕ್ಕಿಲ್ಲ.

ಹೊರಗೆ ಬಂದ ಮೇಲೆ ಅವಳು ನನ್ನ ಹತ್ತಿರ ಬರಲಿಲ್ಲ. ಅವಳಮ್ಮನ ಹೆಗಲಿಗೆ ಮುಖ ಹುದುಗಿಸಿಕೊಂಡಳು. ನಾನು ಬಿಲ್ಲು ಕಟ್ಟಲು ಹೋದೆ.

ಸೂಜ್ಮದ್ದು ಅನ್ನುವ ಗುಮ್ಮ

ಇದಕ್ಕೆಲ್ಲ ಆ ಡ್ಯೂಟಿ ಡಾಕ್ಟರನ್ನು ಬೈದು ಕೈತೊಳೆದುಕೊಳ್ಳಬಹುದಿತ್ತು. ಒಂದು ವಾರ ಅದನ್ನೇ ಮಾಡಿದೆ, ಕಂಡಕಂಡವರ ಮುಂದೆಲ್ಲ. ಆದರೆ ಸೂಜಿ ಅಂದರೆ ಶಿಕ್ಷೆ ಅಂತ ಆ ಮಗುವಿಗೆ ಆಸ್ಪತ್ರೆಗೆ ಹೋಗುವ ಮೊದಲೇ ಹೇಳಿಕೊಟ್ಟವರು ಯಾರು? ನಮ್ಮ ಪಾಂಡವಪುರದ ಕಡೆ ಮಕ್ಕಳಿಗೆ ಅನ್ನ ತಿನ್ನಿಸುವ ಮಂತ್ರವೇ ಅದು: "ಉಣ್ಣದೆ ಹೋದ್ರೆ ಡಾಕ್ಟ್ರುತಾವ ಕರ್ಕೊಂಡೋಗಿ ಸೂಜ್ಮದ್ದು ಹಾಕುಸ್ಬುಡ್ತೀನಿ ನೋಡು." ನಮ್ಮಮ್ಮ ನನಗೆ ಹೇಳಿದ್ದು, ಈಗ ಮೊಮ್ಮಗಳಿಗೂ ಹೇಳುತ್ತಾರೆ. ಮೈಸೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದು ಸ್ವಲ್ಪ ಇಂಗ್ಲಿಷು ಬೆರೆಸಿಕೊಂಡು ಬರುತ್ತೆ, ಅಷ್ಟೇ ವ್ಯತ್ಯಾಸ. ಮೊದಲು ಹುಣಸೇಮರದ ಗುಮ್ಮ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಡಾಕ್ಟರಿಗೆ ವಹಿಸಿದ್ದೇವೆ. ಪಾಪ, ಗುಮ್ಮನಾದರೋ ಎಂದೂ ಬರುತ್ತಿರಲಿಲ್ಲ. ಡಾಕ್ಟರು ನಿಜಕ್ಕೂ ಸೂಜಿ ಹಿಡಿದುಕೊಂಡು ಬರುತ್ತಾರೆ.

ಇನ್ನೊಂದು ಕಡೆ ಇದರ ತದ್ವಿರುದ್ಧ ಸುಳ್ಳು. ಊಟದ ಹೊತ್ತಿನಲ್ಲಿ ಭಯಂಕರವಾಗಿದ್ದ ಅದೇ ಸೂಜಿ, ಕ್ಲಿನಿಕ್ಕಿನ ಬಾಗಿಲಲ್ಲಿ "ಇರುವೆ ಕಚ್ಚಿದಂಗೆ ಅಷ್ಟೇ" ಆಗಿಬಿಡುತ್ತೆ. "ಸುಮ್ನೆ ತೋರ್ಸ್ಕೊಂಡು ಬರೋಣ, ಸೂಜಿ ಇಲ್ಲ" ಅಂತ ಆಟೋ ಹತ್ತಿಸಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ. ನಾನೂ ಹತ್ತಿಸಿದ್ದೇನೆ. ಚಿಕ್ಕವನಿದ್ದಾಗ ನಮ್ಮಪ್ಪ ಮಸಾಲೆದೋಸೆ ಅಂತ ಹೇಳಿ ಕರೆದುಕೊಂಡು ಹೋಗಿದ್ದರು. ಕಾಂಪೌಂಡರು ಸ್ಟೀಲ್ ಡಬ್ಬಿಯಲ್ಲಿ ಗಾಜಿನ ಸಿರಿಂಜು ಕುದಿಸುತ್ತಿದ್ದ ಕಟಕಟ ಸದ್ದು ಕೇಳಿದಾಗಲೇ ದೋಸೆಯ ಗುಟ್ಟು ಗೊತ್ತಾಗಿದ್ದು. ದೋಸೆಯನ್ನೂ ಕೊಡಿಸಿದರು ಅನ್ನಿ. ಆದರೆ ನನಗೆ ಇವತ್ತು ನೆನಪಿರುವುದು ಡಬ್ಬಿಯ ಸದ್ದು, ದೋಸೆಯ ರುಚಿಯಲ್ಲ.

ಅವತ್ತು ಕಾಲು ಹಿಡಿದುಕೊಂಡು ನಾನು ಹೇಳುತ್ತಿದ್ದ "ಏನಿಲ್ಲ, ಏನಿಲ್ಲ" ಇದೆಯಲ್ಲ, ಅದರ ಬಗ್ಗೆಯೂ ಸಂಶೋಧಕರು ಕೂತು ಲೆಕ್ಕ ಹಾಕಿದ್ದಾರಂತೆ. ಸೂಜಿಯ ಹೊತ್ತಿನಲ್ಲಿ ದೊಡ್ಡವರು ಮತ್ತೆ ಮತ್ತೆ ಸಮಾಧಾನ ಹೇಳಿದಷ್ಟೂ ಮಕ್ಕಳ ಗಾಬರಿಯೂ ಹೆಚ್ಚಿರುತ್ತೆ, ಬೇರೆ ಯಾವುದೋ ವಿಷಯಕ್ಕೆ ಗಮನ ಎಳೆದರೆ ಇಳಿಯುತ್ತೆ ಅನ್ನುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಯೋಚಿಸಿದರೆ ಸರಿ ಅನ್ನಿಸುತ್ತೆ. ಅಪ್ಪ ಯಾವತ್ತಾದರೂ ಸುಮ್ಮಸುಮ್ಮನೆ ಹತ್ತು ಸಲ "ಏನಿಲ್ಲ" ಅನ್ನುತ್ತಾನೆಯೇ? ಏನೋ ಇದ್ದರೆ ತಾನೆ ಅನ್ನೋದು.

"ಹಸುಗೂಸಿಗೇನು ಗೊತ್ತಾಗುತ್ತೆ"

ನಾನು ಹುಟ್ಟಿದ್ದು 1984ರಲ್ಲಿ. ಆ ಕಾಲಕ್ಕೆ ಲೋಕದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೇ ಹಸುಗೂಸುಗಳಿಗೆ ನೋವು ಗೊತ್ತಾಗುವುದಿಲ್ಲ, ಗೊತ್ತಾದರೂ ನೆನಪಿರುವುದಿಲ್ಲ ಅನ್ನುವ ನಂಬಿಕೆ ಗಟ್ಟಿಯಾಗಿತ್ತು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಆಪರೇಷನ್ ಮಾಡುವಾಗ ಅಲುಗಾಡದಂತೆ ಮಾಂಸಖಂಡ ಸಡಿಲಿಸುವ ಮದ್ದು ಕೊಟ್ಟು, ಅರಿವಳಿಕೆಯನ್ನು ತೀರಾ ಕಡಿಮೆ ಕೊಡುತ್ತಿದ್ದರು, ಎಷ್ಟೋ ಸಲ ಸರಿಯಾಗಿ ಕೊಡುತ್ತಲೇ ಇರಲಿಲ್ಲ. ಕೆಟ್ಟತನದಿಂದಲ್ಲ, ಅಷ್ಟು ಚಿಕ್ಕ ಜೀವಕ್ಕೆ ಅರಿವಳಿಕೆಯೇ ಅಪಾಯ ಅನ್ನುವ ಹೆದರಿಕೆಯಿಂದ. ಇದನ್ನು ಅಲ್ಲಾಡಿಸಿದವರಲ್ಲಿ ಮುಖ್ಯರು ಇಂದೋರಿನಲ್ಲಿ ಎಂಬಿಬಿಎಸ್ ಓದಿ ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಆನಂದ್. ಹೃದಯದ ಹತ್ತಿರದ ರಕ್ತನಾಳ ಕಟ್ಟುವ ಆಪರೇಷನ್‌ಗೆ ಬಂದ ಅಂಥ ಮಕ್ಕಳಲ್ಲಿ ಕೆಲವರಿಗೆ ಮಾಮೂಲಿ ಪದ್ಧತಿಯ ಜೊತೆ ಫೆಂಟನಿಲ್ ಅನ್ನುವ ಬಲವಾದ ನೋವುಮದ್ದನ್ನೂ ಕೊಟ್ಟು, ಉಳಿದವರಿಗೆ ಮಾಮೂಲಿಯಂತೆಯೇ ಮಾಡಿ, ಹೋಲಿಸಿ ನೋಡಿದರು. ನೋವುಮದ್ದು ಸಿಕ್ಕ ಮಕ್ಕಳ ಮೈಯಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ ಏರಿದ್ದವು, ಆಪರೇಷನ್ ನಂತರದ ತೊಂದರೆಗಳೂ ಕಡಿಮೆಯಾಗಿದ್ದವು. ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದ್ದು 1987ರಲ್ಲಿ. ನಾನಾಗ ಅಂಗನವಾಡಿಗೆ ಹೋಗುತ್ತಿದ್ದೆ.

ನೆನಪಿನ ಮಾತೂ ಹಾಗೆಯೇ. ಕೆನಡಾದಲ್ಲಿ 1997ರಲ್ಲಿ ಬಂದ ಒಂದು ಅಧ್ಯಯನ: ಹುಟ್ಟಿದಾಗ ಸುನ್ನತಿ ಮಾಡಿಸಿಕೊಂಡ ಗಂಡುಮಕ್ಕಳು ನಾಲ್ಕರಿಂದ ಆರು ತಿಂಗಳಿಗೆ ಲಸಿಕೆ ಹಾಕಿಸಿಕೊಳ್ಳುವಾಗ, ಮಾಡಿಸಿಕೊಳ್ಳದವರಿಗಿಂತ ಹೆಚ್ಚು ನೋವು ತೋರಿಸಿದರು, ಸುನ್ನತಿಗೆ ಮೊದಲು ಮರಗಟ್ಟಿಸುವ ಕ್ರೀಮ್ ಹಚ್ಚಿಸಿಕೊಂಡಿದ್ದ ಮಕ್ಕಳು, ಹಚ್ಚಿಸಿಕೊಳ್ಳದವರಷ್ಟು ತೋರಿಸಲಿಲ್ಲ. ಮಾತು ಬಾರದ ಕೂಸಿನ ಮೈ ಅಷ್ಟು ತಿಂಗಳು ಲೆಕ್ಕ ಇಟ್ಟುಕೊಂಡಿತ್ತು. ನನ್ನ ಮಗಳಿಗಂತೂ ಮಾತು ಬರುತ್ತಿತ್ತು, ವಾಚು ಒತ್ತಿದ್ದೂ ಗೊತ್ತಾಗಿತ್ತು.

ಮಾವನ ತೊಡೆ, ನರ್ಸಮ್ಮನ ಗುರುವಾರ

ಮಗಳಿಗೆ ಐದು ತುಂಬಿದ ಮೇಲೆ ಹಾಕಿಸುವ ಡಿಪಿಟಿ ಲಸಿಕೆಯ ಬೂಸ್ಟರ್ ಬಾಕಿ ಇತ್ತು. ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆವು. ಅಮ್ಮ, "ಗುರುವಾರ ಅಂಗನವಾಡಿಗೆ ನರ್ಸಮ್ಮ ಬತ್ತಾರೆ, ಅಲ್ಲೇ ಹಾಕುಸ್ಬುಡು" ಅಂದರು. ಮೈಸೂರಿನಲ್ಲಿ ಮತ್ತೊಂದು ಕುಸ್ತಿ ನೋಡುವ ಧೈರ್ಯ ನನಗೂ ಇರಲಿಲ್ಲ. ಹೋದೆವು. ಹೋಗುವ ಮೊದಲೇ ಮಗಳಿಗೆ ಸೂಜಿ ಇದೆ ಅಂತ ಹೇಳಿದ್ದೆ, ಹೇಳಿದ್ದಕ್ಕೆ ದಾರಿಯುದ್ದಕ್ಕೂ ಅತ್ತಳು. ಅಮ್ಮ ನನ್ನನ್ನು ಬೈದರು.

ನೀಲಿ ಡಬ್ಬ, ಅದರೊಳಗೆ ಐಸ್ ಪ್ಯಾಕು, ಸಾಲಾಗಿ ತಾಯಿ ಕಾರ್ಡು ಹಿಡಿದು ಕೂತ ಹೆಂಗಸರು. ನಮಗಿಂತ ಮುಂಚೆ ಮೂರೂವರೆ ತಿಂಗಳ ಕೂಸೊಂದಿತ್ತು. ಹದಿನಾಲ್ಕನೇ ವಾರದ್ದು, ಹನಿಗಳ ಜೊತೆಗೆ ಎರಡು ತೊಡೆಗೂ ಬಲತೋಳಿಗೂ ಸೇರಿ ಮೂರು ಚುಚ್ಚು. ನರ್ಸಮ್ಮ ಆ ಕೂಸಿನ ತಾಯಿಗೆ, "ಮಲ್ಗುಸ್ಬೇಡ ಕಣವ್ವ, ಎತ್ಕೊ. ಮೊದ್ಲು ಮೊಲೆ ಕೊಡು, ಕುಡಿಯೋಕೆ ಸುರು ಮಾಡ್ಲಿ" ಅಂದರು. ಸೆರಗಿನ ಮರೆಯಲ್ಲಿ ಕೂಸು ಗುಟುಕು ಗುಟುಕಾಗಿ ಕುಡಿಯಲು ಶುರು ಮಾಡುವ ತನಕ ಸುಮ್ಮನೆ ಕಾದರು. ಆಮೇಲೆ ಸರಸರ ಮುಗಿಸಿದರು. ಕೂಸು ಒಮ್ಮೆ ಚೀರಿತು, ಮತ್ತೆ ಹಾಲಿಗೆ ಬಾಯಿ ಹಾಕಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯ ನೋವಿನ ಬಗ್ಗೆಯೇ ಒಂದು ನಿಲುವನ್ನು ಪ್ರಕಟಿಸಿತ್ತು. ಮಗುವನ್ನು ಹೆತ್ತವರು ಎತ್ತಿಕೊಂಡಿರಲಿ, ಎದೆಹಾಲು ಕುಡಿಯುತ್ತಿರುವಾಗ ಅಥವಾ ಅದಕ್ಕೆ ಸ್ವಲ್ಪ ಮುಂಚೆ ಕುಡಿಸಿ ಹಾಕಿ, ಚುಚ್ಚಿದ ಮೇಲೆ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತಾ ನೋಡುವ ಹಳೇ ಅಭ್ಯಾಸ ಬಿಡಿ, ಒಂದಕ್ಕಿಂತ ಹೆಚ್ಚು ಇದ್ದರೆ ಹೆಚ್ಚು ನೋಯುವುದನ್ನು ಕೊನೆಗಿಡಿ. ನರ್ಸಮ್ಮ ಅದನ್ನು ಯಾವುದಾದರೂ ತರಬೇತಿಯಲ್ಲಿ ಕೇಳಿದ್ದರೋ, ಇಪ್ಪತ್ತು ವರ್ಷದ ಅಳು ಕೇಳಿ ಕೇಳಿ ತಾವೇ ಕಂಡುಕೊಂಡಿದ್ದರೋ, ನಾನು ಕೇಳಲಿಲ್ಲ.

ನಮ್ಮ ಸರದಿ ಬಂತು. ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ನರ್ಸಮ್ಮ ಕುರ್ಚಿಯಿಂದ ಏಳಲಿಲ್ಲ.

"ಬವ್ವ. ಯಾವ್ ಕೈಗೆ ಹಾಕ್ಲಿ?"

"ನೋವಾಗುತ್ತಾ?"

"ಹ್ಞೂ, ನೋವಾಯ್ತದೆ. ಸುಳ್ಳ್ಯಾಕೆ ಹೇಳ್ಲಿ?"

"ಎಷ್ಟೊತ್ತು?"

"ಮೂರು ಎಣ್ಸಗಂಟ. ನೀನೇ ಎಣ್ಸು. ಬೇಕಾದ್ರೆ ಅಳು, ಯಾರೂ ಏನೂ ಅನ್ನಕಿಲ್ಲ. ಕೈ ಮಾತ್ರ ಅಲ್ಲಾಡುಸ್ಬೇಡ. ಯಾರ್ ತೊಡೆ ಮೇಲೆ ಕುಂತ್ಕೊತೀಯ?"

ಆಯ್ಕೆ ಅವಳಿಗೆ ಬಿಟ್ಟಿದ್ದು ನೋಡಿ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಅವಳು ಅಜ್ಜಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕೊನೆಗೆ ನನ್ನ ಕಡೆ ಬಂದಳು. ಕೂರುವ ಮುಂಚೆ "ವಾಚು ಬಿಚ್ಚು" ಅಂದಳು. ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಎಕ್ಕದ ಹತ್ತಿ ಊದುತ್ತೀಯಲ್ಲ, ಹಾಗೆ ಊದು ಅಂತ ನರ್ಸಮ್ಮ ಅಂದರು. ಉಫ್ ಅಂತ ಊದಿದಳು, ಎರಡನೇ ಉಫ್‌ಗೆ ಸೂಜಿ ಒಳಗೆ ಹೋಗಿ ಆಚೆ ಬಂದಿತ್ತು. ಎಣಿಸುವುದನ್ನು ಮರೆತೇಬಿಟ್ಟಿದ್ದಳು. ಆಮೇಲೆ ಅತ್ತಳು, ಚೆನ್ನಾಗಿಯೇ ಅತ್ತಳು. ಅದನ್ನು ಮುಚ್ಚಿಡಲಾರೆ. ಆದರೆ ಅಳುತ್ತಲೇ ನನ್ನ ಕುತ್ತಿಗೆ ಹಿಡಿದುಕೊಂಡಳು. ಅರ್ಧ ಗಂಟೆ ಅಲ್ಲೇ ಕೂರಬೇಕಿತ್ತಲ್ಲ, ಅಷ್ಟರಲ್ಲಿ ಅಳು ನಿಲ್ಲಿಸಿ, ಉಪಯೋಗಿಸಿದ ಸೂಜಿಯನ್ನು ಕತ್ತರಿಸುವ ಡಬ್ಬಿಯನ್ನು ಹತ್ತಿರ ಹೋಗಿ ನೋಡಿಕೊಂಡು ಬಂದಳು.

ಮನೆಗೆ ಬರುವಾಗ ನನಗೆ ನೆನಪಾಗಿದ್ದು ಅವಳ ಕಿವಿ ಚುಚ್ಚಿಸಿದ ದಿನ. ವರ್ಷ ತುಂಬುವ ಮೊದಲು, ಸೋದರಮಾವನ ತೊಡೆ ಮೇಲೆ ಕೂರಿಸಿ, ಬಾಯಿಗೆ ಕೊಬ್ಬರಿ ಬೆಲ್ಲ ಇಟ್ಟು, ಸುತ್ತ ಹತ್ತು ಜನ ಗದ್ದಲ ಎಬ್ಬಿಸಿ, ಅಕ್ಕಸಾಲಿ ಚಿನ್ನದ ತಂತಿ ಚುಚ್ಚಿದ್ದ. ಹಸುಗೂಸುಗಳಿಗೆ ಸೂಜಿ ಚುಚ್ಚುವ ಮುಂಚೆ ನಾಲಿಗೆಗೆ ಸಕ್ಕರೆ ನೀರು ಹನಿಸಿದರೆ ಅಳು ಕಡಿಮೆಯಾಗುತ್ತೆ ಅಂತ ಈಗಿನ ನವಜಾತ ಶಿಶು ಘಟಕಗಳಲ್ಲಿ ಅದನ್ನೇ ಮಾಡುತ್ತಾರೆ. ಮಗು ಬೆಳೆದಂತೆ ಅದರ ಗುಣ ಕಡಿಮೆಯಾಗುತ್ತೆ ಅನ್ನಿ. ಹಾಗಂತ ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಅಂತ ಎದೆ ತಟ್ಟಿಕೊಳ್ಳಲು ನಾನು ತಯಾರಿಲ್ಲ. ನಮ್ಮ ತಾತನ ಹೊಟ್ಟೆಯ ಮೇಲೆ ಎರಡು ಬರೆಯ ಗುರುತಿತ್ತು, ಕೂಸಿದ್ದಾಗ ಹೊಟ್ಟೆ ಉಬ್ಬರಕ್ಕೆ ಹಾಕಿಸಿದ್ದು. ಅವರನ್ನೂ ಯಾರೋ ಗಟ್ಟಿಯಾಗಿ ಹಿಡಿದುಕೊಂಡೇ ಇರಬೇಕು.

ಒಂದು ಗಂಟೆಯ ಬೆಲೆ

ಪಿಯುಸಿಯಲ್ಲಿ ಜೊತೆಗೆ ಓದಿದವನೊಬ್ಬ ಈಗ ಮೈಸೂರಲ್ಲೇ ಮಕ್ಕಳ ಡಾಕ್ಟರು. ಒಂದು ದಿನ ಕಾಫಿಗೆ ಕೂತಾಗ ಇದನ್ನೆಲ್ಲ ಅವನ ಮುಂದೆ ಸುರಿದೆ. ಅವನು ಕೇಳಿಸಿಕೊಂಡು, "ಎಲ್ಲ ಸರಿ ಕಣೋ, ನಾಳೆ ಬೆಳಗ್ಗೆ ನನ್ನ ಓಪಿಡಿಗೆ ಬಾ, ಬಾಗಿಲ ಹತ್ರ ನಿಂತ್ಕೊ" ಅಂದ. ಮರಗಟ್ಟಿಸುವ ಕ್ರೀಮು ಮೆಡಿಕಲ್ ಶಾಪಿನಲ್ಲೇ ಸಿಗುತ್ತೆ, ಆದರೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ, ಸುಮಾರು ಒಂದು ಗಂಟೆ ಬಿಡಬೇಕು. ಅವನ ಓಪಿಡಿಯಲ್ಲಿ ಒಂದು ಗಂಟೆ ಅಂದರೆ ಇಪ್ಪತ್ತು ಮಕ್ಕಳು. "ಮನೇಲೇ ಹಚ್ಕೊಂಡು ಬನ್ನಿ ಅಂದ್ರೆ?" ಅಂದೆ. ಅನ್ನಬಹುದು, ಕೆಲವರಿಗೆ ಅನ್ನುತ್ತೇನೆ ಕೂಡ ಅಂದ. ಆದರೆ ಎಲ್ಲಿಗೆ, ಎಷ್ಟು ಅಂತ ತೋರಿಸಿಕೊಡಬೇಕು. ಎಳೇ ಕೂಸುಗಳಿಗೆ ಜಾಸ್ತಿ ಬಳಿದರೆ ರಕ್ತ ಆಮ್ಲಜನಕ ಸಾಗಿಸುವುದಕ್ಕೇ ತೊಂದರೆಯಾಗಬಹುದು. ಹಾಗಾಗಿ ಕೇಳದೆ ಬಳಿಯುವಂತಿಲ್ಲ. ಅದು ಒಡೆದ ಗಾಯಕ್ಕೆ ಹಚ್ಚುವ ಕ್ರೀಮೂ ಅಲ್ಲ, ಗಾಯಕ್ಕೆ ಬೇರೆ ಜೆಲ್ ಇದೆ, ಚಿಕ್ಕ ಸೀಳಾದರೆ ಅಂಟು ಹಾಕಿಯೂ ಕೂಡಿಸುತ್ತಾರೆ. ಅವತ್ತು ನಮಗೆ ಇದ್ಯಾವುದನ್ನೂ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅವನ ಮಾತಿಗೆ ನಾನು ಅರ್ಧ ಒಪ್ಪಿದೆ. ಒಂದು ಗಂಟೆ ಇಲ್ಲದ ಜಾಗ ಇದೆ, ಸರಿ. ಆದರೆ ನರ್ಸಮ್ಮನ ಮುಂದೆಯೂ ಸಾಲಿತ್ತಲ್ಲ? ಅವರು ನನ್ನ ಮಗಳಿಗೆ ಹೆಚ್ಚಾಗಿ ಕೊಟ್ಟಿದ್ದು ಒಂದೂವರೆ ನಿಮಿಷ ಇದ್ದೀತು. ಹಸಿರು ಬಟ್ಟೆ ಹಾಕುವ ಮುಂಚೆ "ಇದರ ಕೆಳಗೆ ಕತ್ತಲೆ ಇರುತ್ತೆ, ಅಮ್ಮ ಇಲ್ಲೇ ಕೈ ಹಿಡ್ಕೊಂಡಿರ್ತಾರೆ" ಅನ್ನಲು ಹತ್ತು ಸೆಕೆಂಡು ಸಾಕಿತ್ತು. ಅದನ್ನು ಡಾಕ್ಟರೇ ಹೇಳಬೇಕು ಅಂತಲೂ ಇರಲಿಲ್ಲ. ಕಾಲು ಬಿಟ್ಟು, ತಲೆಯ ಹತ್ತಿರ ಹೋಗಿ, ನಾನೇ ಹೇಳಬಹುದಿತ್ತು. "ಒಂದ್ನಿಮಿಷ ಸರ್, ಮದ್ದು ಹಿಡೀಲಿ" ಅಂತ ಅನ್ನಬಹುದಿತ್ತು. ಬಿಳೀ ಕೋಟಿನ ಮುಂದೆ ನಾನೂ ಐದು ವರ್ಷದವನೇ ಆಗಿಬಿಟ್ಟಿದ್ದೆ.

ಊರಿಂದ ಬಂದ ಮೇಲೆ ಒಂದು ರಾತ್ರಿ ಅವಳಿಗೆ ಹೇಳಿದೆ: "ಅವತ್ತು ಕಾಲು ಹಿಡ್ಕೊಂಡಿದ್ದು ನಾನೇ. ಸಿಗ್ನಲ್‌ನಲ್ಲಿ ಸುಳ್ಳು ಹೇಳಿದೆ." "ಗೊತ್ತು" ಅಂದಳು. "ಯಾಕೆ ಬಿಡ್ಸ್‌ಲಿಲ್ಲ?" ಅಂದಳು. ಹೊಲಿಗೆ ಬೇಕಿತ್ತು, ನನಗೆ ಹೆದರಿಕೆಯಾಗಿತ್ತು, ಹೇಗೆ ಅಂತ ಗೊತ್ತಿರಲಿಲ್ಲ ಅಂತ ಏನೇನೋ ಹೇಳಿದೆ. ಅಷ್ಟು ಹೊತ್ತಿಗೆ ಅವಳಿಗೆ ನಿದ್ದೆ ಬಂದಿತ್ತೋ ಏನೋ.

ಈಗ ಆರು ನಡೆಯುತ್ತಿದೆ. ಕೆಳಗಿನ ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸ ಹಲ್ಲು ಇಣುಕಿದೆ. ಕೀಳಿಸಬೇಕು ಅಂದಿದ್ದಾರೆ. ಕಿತ್ತ ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯಬೇಕು ಅಂತ ಅಜ್ಜಿ ಫೋನಿನಲ್ಲಿ ಹೇಳಿದ್ದಾರೆ; ಮೂರನೇ ಮಹಡಿಯಲ್ಲಿ ಹೆಂಚು ಎಲ್ಲಿಂದ ತರೋದು ಅನ್ನುವುದು ಸದ್ಯ ಮನೆಯ ದೊಡ್ಡ ಚರ್ಚೆ. ಮೊನ್ನೆ ಊಟಕ್ಕೆ ಕೂತಾಗ, "ಅಪ್ಪ, ಹಲ್ಲು ಕೀಳೋದು ಎಷ್ಟು ಎಣ್ಸೋ ತನಕ ನೋವಾಗುತ್ತೆ?" ಅಂತ ಕೇಳಿದಳು. ಬಾಯಿಗೆ ಬಂದಿದ್ದ "ಏನೂ ಆಗಲ್ಲ" ಅನ್ನುವುದನ್ನು ಸಾರಿನ ಜೊತೆ ನುಂಗಿಕೊಂಡೆ. ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದೆ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ರಿಸೆಪ್ಷನ್‌ನ ಹುಡುಗಿ ನಕ್ಕಳು, ಡಾಕ್ಟರನ್ನೇ ಕೇಳಿ ತಿಳಿಸ್ತೀನಿ ಸರ್ ಅಂದಳು. ಶನಿವಾರ ಹನ್ನೊಂದಕ್ಕೆ ಅಪಾಯಿಂಟ್‌ಮೆಂಟು. ಇನ್ನೂ ಫೋನ್ ಬಂದಿಲ್ಲ. ಮಗಳು ದಿನಾ ಸ್ಕೂಲಿಂದ ಬಂದ ತಕ್ಷಣ ಕೇಳುತ್ತಿದ್ದಾಳೆ.